ಲೇಖನ ಕಳಿಸುವುದು, ತಿದ್ದಿಸಿಕೊಳ್ಳುವುದು

(ಡೊಂಬಿವಲಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿಯನ್ನೋ ಕಾದಂಬರಿಕಾರರನ್ನೋ ಕುರಿತ ಮಾತು ಎಂಬುದು ನಮ್ಮಲ್ಲಿ ರೂಢಿ. ನಾನು ಆಯ್ದುಕೊಂಡದ್ದು ಒಣ ವಿಷಯ: ಕಷ್ಟಪಟ್ಟು ಮಾಡಿದ ಸಂಶೋಧನೆಯನ್ನು ವಿದ್ವತ್ ಪತ್ರಿಕೆಗೆ ಕಳಿಸುವುದು, ಅಲ್ಲಿ ಅದು ಪ್ರಕಟವಾಗುವಂತೆ ನೋಡಿಕೊಳ್ಳುವುದು. ಇಲ್ಲಿ ಯಾರು ಕೂತಿರುತ್ತಾರೆ ಎಂದು ತಿಳಿದೇ ಆಯ್ದುಕೊಂಡೆ. ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಹೋಗಿಬರುವವರಲ್ಲಿ ಈ ಭಾಗದವರು ಬಹಳ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಎಂ.ಎ. ಓದಿದವರಿದ್ದಾರೆ, ಮಕ್ಕಳ ಮದುವೆ ಮುಗಿಸಿ ಪಿಎಚ್.ಡಿ.ಗೆ ಹೆಸರು ಹಚ್ಚಿದ ತಾಯಂದಿರಿದ್ದಾರೆ, ಶಾಲೆಯ ಪಾಠ ಮುಗಿಸಿ ಸಂಜೆಯ ಲೋಕಲ್ಲಿನಲ್ಲಿ ನಿಂತುಕೊಂಡೇ ಟಿಪ್ಪಣಿ ಓದುವ ಶಿಕ್ಷಕರಿದ್ದಾರೆ. ಮಹಾಪ್ರಬಂಧ ಮುಗಿಯುತ್ತದೆ, ಪದವಿ ಬರುತ್ತದೆ, ಪ್ರಬಂಧ ಪುಸ್ತಕವಾಗುತ್ತದೆ. ಬಿಡುಗಡೆಯ ದಿನ ಶಾಲು, ಹಾರ, ಒಳ್ಳೆಯ ಊಟ. ಇದರಲ್ಲಿ ಯಾವುದನ್ನೂ ನಾನು ಹಗುರಮಾಡಿ ಹೇಳುತ್ತಿಲ್ಲ. ಊರು ಬಿಟ್ಟು ಬಂದ ಊರಿನಲ್ಲಿ ಇಷ್ಟು ಬೆಚ್ಚನೆಯ ಬಳಗವಿರುವುದು ಪುಣ್ಯ. ಆದರೆ ಆ ಪುಸ್ತಕವನ್ನು, ನಿಮ್ಮ ಮುಖವನ್ನೇ ನೋಡದ ಒಬ್ಬರು ಅಚ್ಚಿಗೆ ಹೋಗುವ ಮುಂಚೆ ಓದಿ, "ಮೂರನೆಯ ಪುಟದ ಈ ಮಾತಿಗೆ ಆಧಾರವೇನು?" ಎಂದು ಕೇಳಿದ್ದುಂಟೆ? ನಮ್ಮ ಬಳಗದಲ್ಲಿ ಹಾಗೆ ಕೇಳುವವರಿಲ್ಲ. ಕೇಳಿದರೆ ಮುನಿಸು.

ಕಲ್ಯಾಣ ದಾಟಿ ಕರ್ಜತ್ ಕಡೆಗೆ ಹೋದರೆ ಮೂರನೆಯ ಸ್ಟೇಷನ್ ಅಂಬರನಾಥ. ವಾಲ್ಧುನಿ ನದಿಯ ದಡದಲ್ಲಿ ಶಿಲಾಹಾರರ ಕಾಲದ ಶಿವಾಲಯ. ಮಹಾಶಿವರಾತ್ರಿಯ ದಿನ ಅಲ್ಲಿ ಸಾಲಿನಲ್ಲಿ ನಿಂತವರು ಈ ಸಭೆಯಲ್ಲಿ ಎಷ್ಟೋ ಮಂದಿ ಇರಬೇಕು. ಗರ್ಭಗುಡಿಗೆ ಮೆಟ್ಟಿಲು ಇಳಿದು ಹೋಗಬೇಕು. ಉತ್ತರದ ಬಾಗಿಲಿನ ಮೇಲಿನ ತೊಲೆಯಲ್ಲಿ ಒಂದು ಶಾಸನವಿದೆ. ದೇವರನ್ನು ನೋಡುವ ಆತುರದಲ್ಲಿ ಅದನ್ನು ನೋಡುವವರು ಕಡಿಮೆ.

ಈ ಶಾಸನವನ್ನು ಮೊದಲು ಓದಿ ಪ್ರಕಟಿಸಿದವರು ಡಾ. ಭಾವು ದಾಜಿ ಲಾಡ್. ಭಾಯಖಳದ ವಸ್ತುಸಂಗ್ರಹಾಲಯಕ್ಕೆ ಇವತ್ತು ಅವರದೇ ಹೆಸರು. ವೃತ್ತಿಯಿಂದ ವೈದ್ಯರು, ಪ್ರವೃತ್ತಿಯಿಂದ ಪುರಾತತ್ತ್ವಜ್ಞರು. ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಜರ್ನಲಿನ ಒಂಬತ್ತನೆಯ ಸಂಪುಟದಲ್ಲಿ ಅವರ ಪಾಠ ಅಚ್ಚಾಯಿತು. ಅದರಲ್ಲಿ ಶಾಸನದ ಕಾಲ ಶಕ 782, ಅಂದರೆ ಕ್ರಿ.ಶ. 860.

860 ಎಂದರೆ ನಮಗೆ ಕನ್ನಡಿಗರಿಗೆ ಮೈ ಜುಮ್ಮೆನ್ನಬೇಕಾದ ಇಸವಿ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲ, 'ಕವಿರಾಜಮಾರ್ಗ'ದ ಕಾಲ. ಕೊಂಕಣದ ಶಿಲಾಹಾರರು ಅವನ ಸಾಮಂತರು. ಇಲ್ಲೇ ಬೊರಿವಲಿ ಕಾಡಿನ ಕಾನ್ಹೇರಿ ಗುಹೆಗಳಲ್ಲಿ ಅಮೋಘವರ್ಷನ ಹೆಸರು ಹೇಳುವ ಮೂರು ಶಾಸನಗಳಿವೆ. ಅವುಗಳಲ್ಲಿ ಕೊನೆಯದು ಶಕ 799ರದು. ಹಾಗಿರುವಾಗ ಅಂಬರನಾಥದ ಗುಡಿಯೂ ನೃಪತುಂಗನ ಕಾಲದ್ದು ಎಂದು ಯಾರಾದರೂ ಒಂದು ಲೇಖನ ಬರೆದರೆ ನಮ್ಮ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಅದು ಮೊದಲ ಪುಟಕ್ಕೆ ಬರುತ್ತಿತ್ತು. ನಾವೆಲ್ಲ ಬಸ್ಸು ಮಾಡಿಕೊಂಡು ಹೋಗಿ ಕನ್ನಡ ಬಾವುಟ ಹಿಡಿದು ಫೋಟೋ ತೆಗೆಸಿಕೊಂಡು ಬರುತ್ತಿದ್ದೆವು.

ಅದಕ್ಕೆ ಅವಕಾಶವಾಗಲಿಲ್ಲ. ಅದೇ ಜರ್ನಲಿನ ಹನ್ನೆರಡನೆಯ ಸಂಪುಟದಲ್ಲಿ ಪಂಡಿತ ಭಗವಾನಲಾಲ್ ಇಂದ್ರಜಿ ಅದೇ ಶಾಸನವನ್ನು ಮತ್ತೆ ಓದಿದರು. ಮೊದಲ ಅಂಕಿ ಏಳಲ್ಲ, ಒಂಬತ್ತು. ಶಕ 982, ಕ್ರಿ.ಶ. 1060, ಶಿಲಾಹಾರ ಮುಮ್ಮುಣಿಯ ಆಳ್ವಿಕೆ. ಒಂದು ಅಂಕಿ ಬದಲಾದದ್ದರಿಂದ ಗುಡಿ ಇನ್ನೂರು ವರ್ಷ ಈಚೆಗೆ ಸರಿಯಿತು. ಇವತ್ತಿಗೂ ವಿದ್ವಾಂಸರು ಒಪ್ಪುವುದು ಈ ಎರಡನೆಯ ಪಾಠವನ್ನೇ. 1977ರಲ್ಲಿ ವಾ. ವಿ. ಮಿರಾಶಿಯವರು ಶಿಲಾಹಾರರ ಶಾಸನಗಳನ್ನೆಲ್ಲ ಒಂದೇ ಸಂಪುಟಕ್ಕೆ ತಂದಾಗಲೂ 982 ಎಂದೇ ಇಟ್ಟರು.

ಭಗವಾನಲಾಲರು ಯಾರು? ಭಾವು ದಾಜಿಯವರ ಕೈಕೆಳಗೇ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ದುಡಿದವರು. ಅವರಿಗಾಗಿ ದೇಶ ಸುತ್ತಿ ಶಾಸನಗಳ ಪ್ರತಿ ಮಾಡಿ ತಂದವರು. ಭಾವು ದಾಜಿ 1874ರಲ್ಲಿ ತೀರಿಕೊಂಡರು. ಆಮೇಲೆ ಶಿಷ್ಯ ಗುರುವಿನ ಪಾಠವನ್ನು ತಿದ್ದಿದ, ಅದೂ ಗುರುವಿನ ಲೇಖನ ಬಂದ ಪತ್ರಿಕೆಯಲ್ಲೇ. ಗುರುದ್ರೋಹ ಎಂದು ಯಾರೂ ಕೂಗಲಿಲ್ಲ. ಇಷ್ಟೇ ಆಗಿದ್ದರೆ ಇದೊಂದು ಸ್ವಾರಸ್ಯದ ಪ್ರಸಂಗವಾಗಿ ಮುಗಿಯುತ್ತಿತ್ತು. ನನಗೆ ಮುಖ್ಯವೆನಿಸುವುದು ಬೇರೆ ಸಂಗತಿ. ಜುನಾಗಢದಿಂದ ಬಂದ ಈ ಪಂಡಿತರು ಇಂಗ್ಲಿಷಿನಲ್ಲಿ ಬರೆದು ಪಳಗಿದವರಲ್ಲ. ಗುಜರಾತಿಯಲ್ಲಿ ಬರೆಯುತ್ತಿದ್ದರು, ಬ್ಯೂಲರ್ ಮೊದಲಾದ ವಿದ್ವಾಂಸರು ಅದನ್ನು ಇಂಗ್ಲಿಷಿಗೆ ಮಾಡಿ ಪತ್ರಿಕೆಗೆ ಕೊಡುತ್ತಿದ್ದರು. ನೇಪಾಳದ ಶಾಸನಗಳ ಮೇಲಿನ ಅವರ ಪ್ರಸಿದ್ಧ ಬರಹ ಹೀಗೆ ಗುಜರಾತಿಯಿಂದಲೇ ಹೋದದ್ದು. ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. "ನಮಗೆ ಇಂಗ್ಲಿಷ್ ಬರುವುದಿಲ್ಲ, ಜರ್ನಲ್ಲಿನ ಗೊಡವೆ ನಮಗೇಕೆ" ಎನ್ನುವವರು ವಾಲಕೇಶ್ವರದಲ್ಲಿ ಬದುಕಿ 1888ರಲ್ಲಿ ತೀರಿಕೊಂಡ ಈ ಮನುಷ್ಯನನ್ನು ಒಮ್ಮೆ ನೆನೆಯಬೇಕು.

ಥಾಣೆಯವರು ಬೇಸರಿಸಬೇಕಾಗಿಲ್ಲ, ನಿಮ್ಮ ಪಾಲು ಇನ್ನೂ ಹಳೆಯದು. 1787ರಲ್ಲಿ ಥಾಣೆಯ ಕೋಟೆಯಲ್ಲಿ, ಈಗ ಸೆಂಟ್ರಲ್ ಜೈಲು ಇರುವಲ್ಲಿ, ಅಡಿಪಾಯ ಅಗೆಯುವಾಗ ಶಿಲಾಹಾರ ಅರಿಕೇಸರಿಯ ತಾಮ್ರಪಟಗಳು ಸಿಕ್ಕವು. ಕಲ್ಕತ್ತದ ಏಷಿಯಾಟಿಕ್ ಸೊಸೈಟಿಯ 'ಏಷಿಯಾಟಿಕ್ ರಿಸರ್ಚಸ್' 1788ರಲ್ಲಿ ಹೊರಬಂದಾಗ ಅದರ ಮೊದಲ ಸಂಪುಟದಲ್ಲೇ ಈ ಪಟಗಳ ಅನುವಾದ ಸೇರಿತು. ಕಳಿಸಿದವರು ಜನರಲ್ ಕಾರ್ನ್ಯಾಕ್. ಸಂಸ್ಕೃತವನ್ನು ಬಿಡಿಸಿ ಹೇಳಿದವರು ರಾಮಲೋಚನ ಪಂಡಿತರು, ಅವರ ಹೆಸರೂ ಅಲ್ಲಿ ಅಚ್ಚಾಗಿದೆ. ಕಂಪನಿ ಸರ್ಕಾರದ ಕಾಲದಲ್ಲೂ ಕೆಲಸ ಮಾಡಿದವನ ಹೆಸರು ಬಿಡಲಿಲ್ಲ. ಇಂದು ವಿದ್ಯಾರ್ಥಿ ಊರೂರು ತಿರುಗಿ ಸಂದರ್ಶನ ಮಾಡಿ ಬರೆದ ಲೇಖನದಲ್ಲಿ, ಒಂದು ವಾಕ್ಯವನ್ನೂ ಬರೆಯದವರ ಹೆಸರು ಮೊದಲು ಬರುವುದನ್ನು ಕಾಣುತ್ತೇವೆ. ಈ ಬಗ್ಗೆ ಹೆಚ್ಚು ಹೇಳಿದರೆ ಸಭೆಯಲ್ಲಿರುವ ವಿದ್ಯಾರ್ಥಿಗಳಿಗೇ ಕಷ್ಟವಾದೀತು.

ಕನ್ನಡ ಸಂಶೋಧನೆಯ ಕಥೆಯಲ್ಲಿ ಮುಂಬಯಿಯ ಪಾತ್ರವನ್ನು ನಾವು ಹೋಟೆಲು, ರಾತ್ರಿಶಾಲೆ, ಯಕ್ಷಗಾನಗಳಿಂದಷ್ಟೇ ಹೇಳುತ್ತೇವೆ. ಇನ್ನೊಂದು ಪಾತ್ರವಿದೆ. 1872ರಲ್ಲಿ ಜೇಮ್ಸ್ ಬರ್ಜೆಸ್ ಮುಂಬಯಿಯಿಂದ 'ಇಂಡಿಯನ್ ಆಂಟಿಕ್ವರಿ' ಎಂಬ ಮಾಸಪತ್ರಿಕೆ ಆರಂಭಿಸಿದರು. ಅಚ್ಚಾಗುತ್ತಿದ್ದುದು ಭಾಯಖಳದ ಎಜುಕೇಶನ್ ಸೊಸೈಟಿ ಪ್ರೆಸ್ಸಿನಲ್ಲಿ. ನಿಮ್ಮ ಸಿಎಸ್‌ಎಂಟಿ ಲೋಕಲ್ ದಿನಾ ನಿಲ್ಲುವ ಅದೇ ಭಾಯಖಳ. ಬಿ. ಎಲ್. ರೈಸ್ ಮಡಿಕೇರಿಯ ಗಂಗರ ತಾಮ್ರಪಟವನ್ನು ಪ್ರಕಟಿಸಿದ್ದು ಅದರ ಮೊದಲ ಸಂಪುಟದಲ್ಲಿ. ಕಿಟೆಲ್ ಹಳಗನ್ನಡ ಸಾಹಿತ್ಯದ ಮೇಲಿನ ಲೇಖನವನ್ನು 1875ರಲ್ಲಿ ಕೊಟ್ಟರು, ನಿಘಂಟು ಬರುವುದಕ್ಕೆ ಹತ್ತೊಂಬತ್ತು ವರ್ಷ ಮೊದಲು. ಬೆಳಗಾವಿ, ಕಲಾದಗಿಗಳ ಕಡೆ ಕಂದಾಯದ ಕೆಲಸದಲ್ಲಿದ್ದ ಜೆ. ಎಫ್. ಫ್ಲೀಟ್ ತಾನು ಕಂಡ ಸಂಸ್ಕೃತ, ಹಳಗನ್ನಡ ಶಾಸನಗಳನ್ನು ಸಂಖ್ಯೆ ಹಾಕಿ ಒಂದರ ಹಿಂದೆ ಒಂದರಂತೆ ಅದರಲ್ಲಿ ಪ್ರಕಟಿಸಿದರು. ಪಾಠ, ಅನುವಾದ, ಸಾಧ್ಯವಾದಲ್ಲಿ ಅಚ್ಚಿನ ಪಡಿಯಚ್ಚು. "ನಾನು ಹೀಗೆ ಓದಿದ್ದೇನೆ, ಕಲ್ಲು ಹೀಗಿದೆ, ನೀವೂ ನೋಡಿ" ಎಂಬ ಧೋರಣೆ. ಆಮೇಲೆ ಇದೇ ಫ್ಲೀಟ್, ಗಂಗರ ಆರಂಭಕಾಲದ ತಾಮ್ರಪಟಗಳು ಕೂಟಶಾಸನಗಳೆಂದು ರೈಸ್ ಅವರ ಮೇಲೆ ಬಿದ್ದರು. ರೈಸ್ ಉತ್ತರಿಸಿದರು. ಜಗಳ ವರ್ಷಗಟ್ಟಲೆ ನಡೆಯಿತು. ತಾಮ್ರಪಟದ ಲಿಪಿ, ಭಾಷೆ, ತಿಥಿವಾರಗಳನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಮುಂದಿನವರು ಕಲಿತದ್ದು ಆ ಜಗಳದಿಂದ. ಇಬ್ಬರೂ ಒಬ್ಬರಿಗೊಬ್ಬರು ಅಭಿನಂದನ ಗ್ರಂಥ ಮಾಡಿಕೊಂಡು ಕೂತಿದ್ದರೆ ನಮಗೆ ಏನೂ ಸಿಗುತ್ತಿರಲಿಲ್ಲ.

ಇನ್ನು ಇವತ್ತಿನ ಮಾತು.

2010ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅಧ್ಯಾಪಕರ ನೇಮಕ, ಬಡ್ತಿಗಳಿಗೆ ಎಪಿಐ ಅಂಕಗಳನ್ನು ತಂದಿತು. ಲೇಖನಕ್ಕೆ ಇಷ್ಟು ಅಂಕ, ಪುಸ್ತಕಕ್ಕೆ ಇಷ್ಟು. ಅಂಕ ಬೇಕಾದವರಿದ್ದ ಮೇಲೆ ಅಂಕ ಮಾರುವವರು ಹುಟ್ಟಿಕೊಂಡರು. "ಮೂರು ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಉಚಿತ" ಎಂಬ ವಾಟ್ಸಾಪ್ ಸಂದೇಶ ಬಾರದ ಅಧ್ಯಾಪಕರು ಈ ಊರಲ್ಲಿ ಇರಲಾರರು. ಸಾವಿರವೋ ಎರಡು ಸಾವಿರವೋ ಫೋನಿನಲ್ಲೇ ಕಳಿಸಿದರೆ ಮುಗಿಯಿತು. ಅಂಥ ಪತ್ರಿಕೆಗಳೆಲ್ಲ ಮೊದಲು ತೋರಿಸುವುದು ತಮ್ಮ ಐಎಸ್‌ಎಸ್‌ಎನ್ ಸಂಖ್ಯೆಯನ್ನು. ಅದು ನಿಯತಕಾಲಿಕವನ್ನು ಗುರುತಿಸಲು ಕೊಡುವ ಎಂಟು ಅಂಕಿಗಳ ಸಂಖ್ಯೆ ಮಾತ್ರ. ರಿಕ್ಷಾಕ್ಕೆ ಎಂ.ಎಚ್. 05 ಎಂದು ಕಲ್ಯಾಣದ ನಂಬರ್ ಪ್ಲೇಟ್ ಇದೆ ಎಂದ ಮಾತ್ರಕ್ಕೆ ಅದರ ಮೀಟರ್ ಸರಿಯಾಗಿ ಓಡುತ್ತದೆ ಎಂದು ನೀವು ನಂಬುವುದಿಲ್ಲವಷ್ಟೆ?

ಯುಜಿಸಿ 2017ರಲ್ಲಿ ಒಪ್ಪಿಗೆ ಪಡೆದ ಪತ್ರಿಕೆಗಳ ಪಟ್ಟಿ ಹೊರಡಿಸಿತು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿ ಆ ಪಟ್ಟಿಗೆ ಸೇರಿಸಿದ 1009 ಪತ್ರಿಕೆಗಳನ್ನು ಭೂಷಣ ಪಟವರ್ಧನ್ ಮತ್ತು ಸಂಗಡಿಗರು ಪರಿಶೀಲಿಸಿದರು. ಕನಿಷ್ಠ ಮಾನದಂಡ ಮುಟ್ಟಿದವು 112. ಈ ಲೆಕ್ಕ ಅಚ್ಚಾದದ್ದು 2018ರಲ್ಲಿ, ಬೆಂಗಳೂರಿನಿಂದ ಬರುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4305 ಪತ್ರಿಕೆಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. ಆಮೇಲೆ ಯುಜಿಸಿಯದೇ 'ಕೇರ್' ಎಂಬ ಹೊಸ ಪಟ್ಟಿ ಬಂತು. 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟು, ಯಾವ ಪತ್ರಿಕೆ ಒಳ್ಳೆಯದು ಎಂದು ನೋಡುವ ಹೊಣೆಯನ್ನು ವಿಶ್ವವಿದ್ಯಾಲಯ, ಕಾಲೇಜುಗಳ ಮೇಲೇ ಹೊರಿಸಿತು. ಇತ್ತ ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮುನ್ನ ಒಂದು ಲೇಖನ ಪ್ರಕಟವಾಗಿರಬೇಕು ಎಂಬ ಕಡ್ಡಾಯವನ್ನು 2022ರ ನವೆಂಬರಿನ ನಿಯಮಗಳೇ ತೆಗೆದುಹಾಕಿದ್ದವು. "ಹಾಗಾದರೆ ಇನ್ನು ಪ್ರಕಟಿಸುವ ರಗಳೆ ಇಲ್ಲವಲ್ಲ" ಎಂದು ನಿಟ್ಟುಸಿರು ಬಿಟ್ಟವರನ್ನು ಕಂಡಿದ್ದೇನೆ. ನನ್ನ ಮಟ್ಟಿಗೆ ಇದು ಒಳ್ಳೆಯ ಕಾಲ. ಬಲವಂತ ಹೋಗಿದೆ, ಪಟ್ಟಿ ಹೋಗಿದೆ. ಈಗ ಕಳಿಸುವವರು ಓದುಗರಿಗಾಗಿ ಕಳಿಸಬಹುದು.

ಹಣ ಕೇಳುವುದೆಲ್ಲ ಮೋಸ ಎಂದು ಮಾತ್ರ ತಿಳಿಯಬೇಡಿ. ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ವಿಜ್ಞಾನ ಪತ್ರಿಕೆಗಳಲ್ಲಿ ಎಷ್ಟೋ ಪ್ರತಿಷ್ಠಿತವಾದವೂ ಲೇಖಕರಿಂದ ಶುಲ್ಕ ತೆಗೆದುಕೊಳ್ಳುತ್ತವೆ. ಗುರುತು ಇರುವುದು ಬೇರೆ ಕಡೆ. ಒಂದು ಪ್ರಶ್ನೆಯನ್ನೂ ಕೇಳದೆ ಲೇಖನ ಒಪ್ಪಿದರೆ ಅನುಮಾನಪಡಿ. ಕನ್ನಡ ಜಾನಪದ, ಬೇಸಾಯದ ರಸಾಯನಶಾಸ್ತ್ರ, ಹೋಟೆಲ್ ಮ್ಯಾನೇಜ್‌ಮೆಂಟ್ ಮೂರೂ ಒಂದೇ ಸಂಚಿಕೆಯಲ್ಲಿದ್ದರೆ ಅನುಮಾನವೂ ಬೇಕಿಲ್ಲ, ಮುಚ್ಚಿಡಿ. ಪತ್ರಿಕೆಯ ಹಿಂದಿನ ನಾಲ್ಕು ಸಂಚಿಕೆ ತೆಗೆದು ಓದಿ. ನೀವು ಪ್ರಬಂಧದಲ್ಲಿ ಉಲ್ಲೇಖಿಸಿದ ವಿದ್ವಾಂಸರಲ್ಲಿ ಒಬ್ಬರಾದರೂ ಅಲ್ಲಿ ಬರೆದಿದ್ದಾರೆಯೇ? ಇದಕ್ಕಿಂತ ದೊಡ್ಡ ಪರೀಕ್ಷೆ ನನಗೆ ಗೊತ್ತಿಲ್ಲ.

ಪರಿಶೀಲನೆಗೆಂದು ನನ್ನ ಕೈಗೆ ಬರುವ ಲೇಖನಗಳ ಬಗ್ಗೆ ಎರಡು ಮಾತು. ಶೀರ್ಷಿಕೆ ಹೆಚ್ಚು ಕಡಿಮೆ ಹೀಗಿರುತ್ತದೆ: 'ಮುಂಬಯಿ ಕನ್ನಡಿಗರ ಸಾಂಸ್ಕೃತಿಕ ಕೊಡುಗೆ: ಒಂದು ಅಧ್ಯಯನ'. ಮೊದಲ ಎರಡು ಪುಟ ಸಂಸ್ಕೃತಿ ಎಂದರೇನು ಎಂಬುದಕ್ಕೆ, ಮುಂದಿನ ಎರಡು ಮುಂಬಯಿಯ ಏಳು ದ್ವೀಪಗಳಿಗೆ, ಆಮೇಲೆ ಸಂಘಸಂಸ್ಥೆಗಳ ಹೆಸರು, ಕೊನೆಗೆ 'ಒಟ್ಟಿನಲ್ಲಿ ಕೊಡುಗೆ ಅನನ್ಯ'. ಇದು ಮಹಾಪ್ರಬಂಧದ ಮೊದಲ ಅಧ್ಯಾಯವನ್ನು ಕತ್ತರಿಸಿ ಕಳಿಸಿದ್ದು ಎಂದು ಯಾರಿಗೂ ತಿಳಿಯುತ್ತದೆ. ಅದೇ ಪ್ರಬಂಧದ ಐದನೆಯ ಅಧ್ಯಾಯದಲ್ಲಿ, ಎಲ್ಲೋ ಅಡಿಟಿಪ್ಪಣಿಯಲ್ಲಿ, ಅದನ್ನು ಬರೆದ ವಿದ್ಯಾರ್ಥಿನಿ ಒಂದು ಸಂಗತಿ ಕಂಡುಕೊಂಡಿರುತ್ತಾಳೆ. ಸಂಘದ ಹಳೆಯ ಸ್ಮರಣ ಸಂಚಿಕೆಗಳಲ್ಲಿ ಒಂದು ಕಾಲದಲ್ಲಿ ಜಾಹೀರಾತುಗಳೆಲ್ಲ ಹೋಟೆಲಿನವರದೇ, ಆಮೇಲೆ ಸಹಕಾರಿ ಬ್ಯಾಂಕುಗಳದು, ಈಚೆಗೆ ಬಿಲ್ಡರುಗಳದು. ಈ ಬದಲಾವಣೆ ಯಾವ ವರ್ಷ ಶುರುವಾಯಿತು? ಡೊಂಬಿವಲಿಯಲ್ಲಿ ಆದದ್ದೇ ವಾಶಿಯಲ್ಲೂ ಆಯಿತೆ? ಲೇಖನ ಅಲ್ಲಿದೆ. ಒಂದು ಪ್ರಶ್ನೆ, ಅದಕ್ಕೆ ಬೇಕಾದ ಪುರಾವೆ, ಉತ್ತರ, ಉತ್ತರ ಎಲ್ಲಿ ಸಡಿಲ ಎಂಬುದರ ಒಪ್ಪಿಗೆ. ಹನ್ನೆರಡು ಪುಟ ಧಾರಾಳ ಸಾಕು. ಸಂಸ್ಕೃತಿಯ ವ್ಯಾಖ್ಯೆ ಓದುಗರಿಗೆ ಗೊತ್ತು.

ಕಳಿಸಿದ ಮೇಲೆ ಮೂರು ತಿಂಗಳೋ ಆರು ತಿಂಗಳೋ ಸುದ್ದಿಯಿಲ್ಲ. ಆಮೇಲೆ ಪರಿಶೀಲಕರ ಟಿಪ್ಪಣಿ ಬರುತ್ತದೆ. ನಮ್ಮವರು ಸೋಲುವುದು ಇಲ್ಲೇ. ಟಿಪ್ಪಣಿ ಓದಿದ ರಾತ್ರಿ ನಿದ್ದೆ ಇಲ್ಲ, ಬೆಳಗ್ಗೆ ಗೈಡಿಗೆ ಫೋನು, "ಅವರಿಗೆ ನಮ್ಮ ಮೇಲೆ ಯಾಕೋ ಕೋಪ ಸರ್". ಕೋಪವಲ್ಲ, ಓದಿದ್ದಾರೆ. ಬಿಡಿಬಿಡಿಯಾಗಿ ಬರೆದುಕೊಳ್ಳಿ: ಅವರು ಹೇಳಿದ್ದು ಎಡಗಡೆ, ನೀವು ಮಾಡಿದ್ದು ಬಲಗಡೆ, ಯಾವ ಪುಟ ಎಂಬುದರ ಸಮೇತ. ಅವರ ಮಾತು ಸರಿಯಲ್ಲ ಎನಿಸಿದರೆ ಹಾಗೆಂದು ಬರೆಯಿರಿ, ಕಾರಣ ಕೊಡಿ. ಕಾರಣ ಗಟ್ಟಿಯಿದ್ದರೆ ಸಂಪಾದಕರು ಒಪ್ಪುತ್ತಾರೆ. ತಿರಸ್ಕಾರವೇ ಬಂದರೂ ಟಿಪ್ಪಣಿ ಕೈಯಲ್ಲಿರುತ್ತದೆ. ತಿದ್ದಿ ಬೇರೆ ಕಡೆ ಕಳಿಸಿ. ಎರಡು ಕಡೆ ಒಟ್ಟಿಗೆ ಮಾತ್ರ ಕಳಿಸಬೇಡಿ, ಸಂಬಂಧ ಕೆಡುತ್ತದೆ.

ಕನ್ನಡದ್ದೇ ಆದ ಒಂದು ತೊಡಕಿದೆ. ನಮ್ಮಲ್ಲಿ ಇನ್ನೂ ಬಹಳ ಮಂದಿ 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲೇ ಟೈಪ್ ಮಾಡಿಸುತ್ತಾರೆ. ಕೃತಿಚೌರ್ಯ ಪತ್ತೆಯ ತಂತ್ರಾಂಶಕ್ಕೆ ಅದು ಕನ್ನಡವಾಗಿ ಕಾಣುವುದಿಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಹೋಲಿಕೆ ಸೊನ್ನೆ ಎಂದು ವರದಿ ಬರುತ್ತದೆ, ಕದ್ದವರಿಗೂ ಸೊನ್ನೆ, ಕದಿಯದವರಿಗೂ ಸೊನ್ನೆ. ಅದಕ್ಕಿಂತ ದೊಡ್ಡ ನಷ್ಟ, ಆ ಲೇಖನವನ್ನು ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವುದೇ ಇಲ್ಲ. ಧಾರವಾಡದಲ್ಲೋ ಕಾಸರಗೋಡಿನಲ್ಲೋ ಅದೇ ವಿಷಯದ ಮೇಲೆ ಕೆಲಸ ಮಾಡುತ್ತಿರುವವರಿಗೆ ನೀವು ಇದ್ದೂ ಇಲ್ಲ. ಯೂನಿಕೋಡಿನಲ್ಲಿ ಬರೆಯಿರಿ, ಟೈಪ್ ಮಾಡುವವರಿಗೂ ಹಾಗೇ ಹೇಳಿ. ಕಂಪ್ಯೂಟರನ್ನು ಕನ್ನಡ ಸಂಶೋಧನೆಗೆ ಹಚ್ಚಬೇಕೆಂದು ಎಲ್ಲರಿಗಿಂತ ಮೊದಲು ಹಟ ಹಿಡಿದವರಲ್ಲಿ ಒಬ್ಬರಾದ ಶ್ರೀನಿವಾಸ ಹಾವನೂರರು ಇದೇ ಮುಂಬಯಿಯಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಗ್ರಂಥಪಾಲಕರಾಗಿದ್ದವರು. 'ಹೊಸಗನ್ನಡದ ಅರುಣೋದಯ' ಬರೆದದ್ದು ನೌಕರಿ ಮಾಡುತ್ತಲೇ ಎಂಬುದನ್ನು, ಕೆಲಸದ ನಡುವೆ ಸಮಯವಿಲ್ಲ ಎನ್ನುವವರಿಗೆ ನೆನಪಿಸುತ್ತೇನೆ.

ಎಲ್ಲಿಗೆ ಕಳಿಸಬೇಕು? ಕನ್ನಡದಲ್ಲಿ ವಿದ್ವತ್ ಪತ್ರಿಕೆಗಳಿಗೆ ಬಡತನವಿರಲಿಲ್ಲ. 1916ರಿಂದ ಪರಿಷತ್ ಪತ್ರಿಕೆ, ಆ ಬೆನ್ನಲ್ಲೇ 'ಪ್ರಬುದ್ಧ ಕರ್ಣಾಟಕ', 1968ರಿಂದ ಧಾರವಾಡದ 'ಕರ್ನಾಟಕ ಭಾರತಿ'. ಈಚೆಗೆ ಸಂಚಿಕೆಗಳು ತಡವಾಗುತ್ತವೆ ಎಂಬ ದೂರಿನಲ್ಲಿ ಹುರುಳಿದೆ. ಲೇಖನಗಳು ಬರುವುದಿಲ್ಲ ಎಂಬ ಸಂಪಾದಕರ ದೂರಿನಲ್ಲೂ ಹುರುಳಿದೆ. ವಿಷಯ ಈ ಮಣ್ಣಿನದ್ದಾದರೆ ಮರಾಠಿಗೂ ಕಳಿಸಿ. ಉತ್ತರ ಕೊಂಕಣದ ಶಿಲಾಹಾರರ ಬಿರುದುಗಳಲ್ಲಿ ಕನ್ನಡವಿದೆ ಎಂದು ಕನ್ನಡಿಗರಿಗೆ ಹೇಳಿದರೆ ಚಪ್ಪಾಳೆ ಬೀಳುತ್ತದೆ, ಮರಾಠಿ ವಿದ್ವಾಂಸರಿಗೆ ಹೇಳಿದರೆ ಪ್ರಶ್ನೆ ಬರುತ್ತದೆ. ನಮಗೆ ಬೇಕಾದದ್ದು ಎರಡನೆಯದು. ಆಕರಗಳಿಗೂ ದೂರ ಹೋಗಬೇಕಿಲ್ಲ. ಥಾಣೆಯ ಮರಾಠಿ ಗ್ರಂಥಸಂಗ್ರಹಾಲಯ 1893ರಿಂದ ಇದೆ. ಫೋರ್ಟಿನ ಟೌನ್‌ಹಾಲಿನಲ್ಲಿ ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯವಿದೆ. ಅವರ 'ಗ್ರಂಥ ಸಂಜೀವನಿ' ಜಾಲತಾಣದಲ್ಲಿ ಹಳೆಯ ಸಂಗ್ರಹದ ಎಷ್ಟೋ ಭಾಗ ಮನೆಯಲ್ಲಿ ಕೂತೇ ಸಿಗುತ್ತದೆ.

ಕೊನೆಗೆ ಎರಡು ಕೋರಿಕೆ. ಮೊದಲನೆಯದು ನಮ್ಮ ಮಾಸಪತ್ರಿಕೆಗಳ ಸಂಪಾದಕರಲ್ಲಿ. ಕರ್ನಾಟಕ ಸಂಘದ 'ಸ್ನೇಹ ಸಂಬಂಧ', ಮೈಸೂರು ಅಸೋಸಿಯೇಶನ್ನಿನ 'ನೇಸರು', 'ಮೊಗವೀರ', 'ಅಕ್ಷಯ', 'ಬಂಟರ ವಾಣಿ' ಇವೆಲ್ಲ ನಮ್ಮ ನಡುವೆ ಬಂದವು. ಇವುಗಳಲ್ಲಿ ಯಾವುದಾದರೊಂದು, ವರ್ಷಕ್ಕೆ ಒಂದು ಸಲ, ಹದಿನಾರು ಪುಟ ಬಿಟ್ಟುಕೊಡಲಿ. ಅಲ್ಲಿಗೆ ಬರುವ ಸಂಶೋಧನ ಲೇಖನವನ್ನು ಮುಂಬಯಿಯ ಹೊರಗಿನ ಇಬ್ಬರಿಗೆ, ಬರೆದವರ ಹೆಸರು ತೆಗೆದು ಕಳಿಸಲಿ. ಅವರು ಬೇಡವೆಂದರೆ ಹಾಕದಿರಲಿ, ಬರೆದವರು ಸಂಘದ ಪದಾಧಿಕಾರಿಯಾದರೂ ಸರಿ. ಇದಕ್ಕೆ ಖರ್ಚು ಹೆಚ್ಚಿಲ್ಲ, ದತ್ತಿನಿಧಿಯ ಬಡ್ಡಿಯಲ್ಲೇ ನಡೆಯುತ್ತದೆ. ವೇದಿಕೆಯ ಮೇಲಿರುವ ಹಿರಿಯರು ಮನಸ್ಸು ಮಾಡಬೇಕು.

ಎರಡನೆಯದು ವಿದ್ಯಾರ್ಥಿಗಳಲ್ಲಿ. ಪ್ರಬಂಧದ ಐದನೆಯ ಅಧ್ಯಾಯವನ್ನು ಈ ದೀಪಾವಳಿಯ ರಜೆಯಲ್ಲಿ ಹನ್ನೆರಡು ಪುಟಕ್ಕೆ ಇಳಿಸಿ ಕಳಿಸಿ. ತಿರಸ್ಕೃತವಾಗಿ ಬಂದರೆ ಟಿಪ್ಪಣಿಯನ್ನು ಹರಿದುಹಾಕದೆ ನನ್ನ ಹತ್ತಿರ ತನ್ನಿ, ಕೂತು ಓದೋಣ.